ಹಡಗಿನಷ್ಟು ಉದ್ದದ ಪತಾಕೆ

“ಉದ್ದ ಎಷ್ಟು ಬೇಕು?” ಎಂದು ಕೇಳಿದೆ.

“ಹಡಗಿನಷ್ಟು” ಎಂದರು ಅವರು.

ಕೈಯಲ್ಲಿದ್ದ ಅಳತೆ ಟೇಪನ್ನು ಹಾಗೇ ಕುತ್ತಿಗೆಗೆ ಹಾಕಿಕೊಂಡೆ. ಸಿಯಾಟಲ್‌ನ ಹಡಗು ಕಾಲುವೆಯ ದಂಡೆಯಲ್ಲಿ ನಾನು ಕೆಲಸ ಮಾಡುತ್ತಿದ್ದ ಲಾಫ್ಟ್‌ಗೆ ಬರುವವರು ಸಾಮಾನ್ಯವಾಗಿ ಎರಡು ಕೈ ಅಗಲಿಸಿ ‘ಇಷ್ಟಿದ್ದರೆ ಸಾಕು’ ಎನ್ನುವವರೇ. ಲಾಫ್ಟ್ ಅಂದರೆ ಹಾಯಿ, ಬಾವುಟ, ದೋಣಿಯ ಮೇಲ್ಹೊದಿಕೆ ಇವನ್ನೆಲ್ಲ ಹೊಲಿಯುವ ದೊಡ್ಡ ಅಟ್ಟ. ನೆಲವೆಲ್ಲ ನುಣುಪಾದ ಮರದ ಹಲಗೆ. ಹೊಲಿಗೆ ಯಂತ್ರಗಳನ್ನು ನೆಲದಲ್ಲಿ ತೋಡಿದ ಗುಂಡಿಗಳಲ್ಲಿ ಕೂರಿಸಿರುತ್ತಾರೆ. ಹೊಲಿಯುವವಳೂ ಆ ಗುಂಡಿಯಲ್ಲೇ ಕಾಲು ಇಳಿಬಿಟ್ಟು ಕೂರಬೇಕು. ಬಟ್ಟೆ ನೆಲದ ಮಟ್ಟದಲ್ಲೇ ಹರಿದು ಬಂದು ಸೂಜಿಯ ಕೆಳಗೆ ಹಾದು ಹೋಗುತ್ತದೆ. ಹೊಸದರಲ್ಲಿ ನನಗೆ ಹೋಮಕುಂಡದೊಳಗೆ ಕೂತ ಹಾಗೆ ಅನಿಸುತ್ತಿತ್ತು.

“ಯಾವ ಹಡಗು ಸರ್?”

“ಡಿಸ್ಟ್ರಾಯರ್ ಮ್ಯಾಮ್. ಕೆನಡಾ ನೌಕಾಪಡೆದು. ನಾನೂರಿಪ್ಪತ್ತು ಅಡಿ, ಮೇಲೆ ಸ್ವಲ್ಪ.”

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನನಗೆ ಗೊತ್ತಿದ್ದ ಉದ್ದನೆಯ ಬಟ್ಟೆ ಎಂದರೆ ಸೀರೆ. ಇಪ್ಪತ್ತಕ್ಕೂ ಹೆಚ್ಚು ಸೀರೆಗಳನ್ನು ಸೆರಗಿಗೆ ಸೆರಗು ಜೋಡಿಸಿದಷ್ಟು!

ಆ ಮನುಷ್ಯ ನನ್ನ ವಯಸ್ಸಿನವರೇ. ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು, ಬೆರಳುಗಳು ಶುಂಠಿಯ ಗೆಣ್ಣಿನ ಹಾಗೆ. ಆ ಹಡಗಿನಲ್ಲಿ ಹಗ್ಗ, ಲಂಗರು, ದೋಣಿ ಇವುಗಳಿಗೆಲ್ಲ ಯಜಮಾನರಾಗಿದ್ದವರು. ಆ ಹುದ್ದೆಯವರನ್ನು ಎಲ್ಲರೂ ‘ಚೀಫ್’ ಎನ್ನುತ್ತಾರಂತೆ; ನಾನೂ ಹಾಗೇ ಕರೆದೆ. ನಿವೃತ್ತರಾದ ಮೇಲೆ ಗಡಿ ದಾಟಿ ಬಂದು ವುಡಿನ್‌ವಿಲ್‌ನ ಮಗಳ ಮನೆಯಲ್ಲಿದ್ದರು. “ಊರೆಲ್ಲ ವೈನ್ ಮಾಡ್ತಾರೆ ಮ್ಯಾಮ್. ರಮ್ ಕುಡಿದು ಬೆಳೆದವನನ್ನ ತಂದು ಅಲ್ಲಿಟ್ಟಿದಾರೆ” ಎಂದು ಗೊಣಗುತ್ತಿದ್ದರು.

ಅವರು ವಿವರಿಸಿದ ಪದ್ಧತಿ ಹೀಗೆ. ಆ ನೌಕಾಪಡೆಯಲ್ಲಿ ಒಂದು ಹಡಗು ಸೇವೆಯಿಂದ ನಿವೃತ್ತವಾಗುವುದಕ್ಕೆ ‘ಪೇಯಿಂಗ್ ಆಫ್’ ಎನ್ನುತ್ತಾರೆ. ಸೇವೆಯಲ್ಲಿರುವಷ್ಟು ಕಾಲ ಅದರ ಕಂಬದ ತುದಿಯಲ್ಲಿ ಒಂದು ಚಿಕ್ಕ ಪತಾಕೆ ಹಗಲೂ ರಾತ್ರಿ ಹಾರುತ್ತಿರುತ್ತದೆ. ಕೊನೆಯ ದಿನ ಮಾತ್ರ ಅದನ್ನು ಇಳಿಸಿ, ಹಡಗಿನಷ್ಟೇ ಉದ್ದದ, ತುದಿಗೆ ಹೋಗುತ್ತ ಸಪೂರವಾಗುವ ಪತಾಕೆಯನ್ನು ಏರಿಸುತ್ತಾರೆ. ಹಡಗು ಮುಂದೆ ಸಾಗುತ್ತದೆ, ಪತಾಕೆ ಹಿಂದೆ ಸಮುದ್ರದ ಮೇಲೆ ಚಾಚಿಕೊಳ್ಳುತ್ತದೆ. ಕೇಳಿದೊಡನೆ ನನಗೆ ಅದು ತುಂಬ ಗ್ರೇಸ್‌ಫುಲ್ ಅನಿಸಿತು. ಮನುಷ್ಯರನ್ನೇ ನಾವು ಹೀಗೆ ಬೀಳ್ಕೊಡುವುದಿಲ್ಲವಲ್ಲ.

“ನೌಕಾಪಡೆಯವರೇ ಕೊಡೋದಿಲ್ವಾ?”

“ಕೊಡ್ತಾರೆ. ಗಿಡ್ಡದು. ಅದರಲ್ಲಿ ನಾನು ಮೂಗು ಒರೆಸಿಕೋಬಹುದು.”

ಹಳೆಯ ಸಿಬ್ಬಂದಿ ಕೆಲವರು ಸೇರಿ ಅಲ್ಲಿನ ನೌಕಾನೆಲೆಯ ಕಮಾಂಡರ್‌ಗೆ ಮನವಿ ಮಾಡಿಕೊಂಡಿದ್ದರು. ಆತ ಒಪ್ಪಿದ್ದ, ಒಂದು ಷರತ್ತಿನ ಮೇಲೆ: ನೀವೇ ಹೊಲಿಸಿ ತನ್ನಿ, ನೆಟ್ಟಗೆ ಹಾರಿದರೆ ಸರಿ; ಎಲ್ಲಾದರೂ ಸಿಕ್ಕಿಹಾಕಿಕೊಂಡು ಚಿಂದಿಯ ಹಾಗೆ ನೇತಾಡಿದರೆ ತಕ್ಷಣ ಇಳಿಸಿ ನಮ್ಮ ಗಿಡ್ಡದನ್ನೇ ಏರಿಸುತ್ತೇನೆ. ಹಡಗನ್ನು ಎಳೆದೊಯ್ಯುವ ದಿನ ಉಬ್ಬರ ನೋಡಿ ನಿಗದಿಯಾಗಿತ್ತು. ಅದು ಯಾರಿಗೂ ಕಾಯುವಂತಿರಲಿಲ್ಲ.

ಲಾಫ್ಟ್‌ನ ಒಡತಿ ನೇರ ಮಾತಿನ ಹೆಂಗಸು. ಮೂರು ತಲೆಮಾರಿನಿಂದ ಹಾಯಿ ಹೊಲಿದ ಮನೆತನ. “ಇಷ್ಟುದ್ದದ್ದು ಹಾರೋದಿಲ್ಲ ಚೀಫ್” ಎಂದು ಮೊದಲೇ ಹೇಳಿಬಿಟ್ಟರು. ಆಮೇಲೆ ನನ್ನ ಮುಖ ನೋಡಿ, “ಆದ್ರೆ ಈಕೆ ಆಗಲೇ ಮನಸ್ಸಿನಲ್ಲಿ ಕತ್ತರಿ ಹಿಡಿದಾಗಿದೆ. ಮಾಡಿ ಡಿಯರ್” ಎಂದರು.

ನೂಲು ಬಿಗಿಯಾದ, ಬೆಳಕಿಗೆ ಹಿಡಿದರೆ ನೀರಿನಂತೆ ಕಾಣುವ ಕೆಂಪು ಬಿಳಿ ನೈಲಾನ್ ಬಟ್ಟೆ ತರಿಸಿದೆವು. ಕಂಬದ ಕಡೆಯ ತಲೆಭಾಗದಲ್ಲಿ ಕೆನಡಾ ಬಾವುಟದ ಮೇಪಲ್ ಎಲೆ. ಅದನ್ನು ಎರಡೂ ಬದಿಗೆ ಒಂದೇ ಥರ ಕಾಣುವಂತೆ ಕೂರಿಸಬೇಕು. ಎಲೆಯ ಒಂದೊಂದು ಮೂಲೆಯಲ್ಲೂ ಸೂಜಿ ನಿಲ್ಲಿಸಿ, ಬಟ್ಟೆ ತಿರುಗಿಸಿ, ಮತ್ತೆ ಹೊಲಿಯಬೇಕು. ಮೈಸೂರಿನ ಕಾನ್ವೆಂಟಿನಲ್ಲಿ ನಮಗೆ ನೀಡಲ್‌ವರ್ಕ್ ಕಲಿಸಿದ ಸಿಸ್ಟರ್ ಯಾವ ಬಟ್ಟೆಯನ್ನೂ ಮೊದಲು ತಿರುಗಿಸಿ ಹಿಂಬದಿ ನೋಡುತ್ತಿದ್ದರು. ಮುಂಬದಿ ಎಲ್ಲರೂ ಚೆನ್ನಾಗಿ ಮಾಡುತ್ತಾರೆ ಎಂಬುದು ಅವರ ಮಾತು. ಆ ಎಲೆಯನ್ನು ಅವರು ತಿರುಗಿಸಿ ನೋಡಬೇಕಿತ್ತು ಎಂದು ನನಗೆ ಆಸೆಯಾಯಿತು. ಚೀಫ್ ಮಾತ್ರ ನೋಡಿದರು. ಕನ್ನಡಕ ಹಣೆಗೇರಿಸಿ, ಹಿಂದೆ ಮುಂದೆ ಎರಡೂ ನೋಡಿ, “ಇದರಲ್ಲಿ ಯಾವುದು ಮುಂದೆ?” ಎಂದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಬೇಕಿರಲಿಲ್ಲ.

ಅವರು ಒಂದು ದಿನ ಬಿಟ್ಟು ಒಂದು ದಿನ ಬರುತ್ತಿದ್ದರು. ನೆಲದ ಮೇಲೆ ಉದ್ದನೆಯ ಮರದ ಪಟ್ಟಿ ಹಿಡಿದು ಗೆರೆ ಹಾಕಲು ನೆರವಾಗುತ್ತಿದ್ದರು. ಪಟ್ಟಿ ಸರಿಸುತ್ತ ಹಡಗಿನ ಕಥೆ ಹೇಳುತ್ತಿದ್ದರು. ಆ ಕಥೆ ಕಾಲಕ್ರಮದಲ್ಲಿ ಬರುತ್ತಿರಲಿಲ್ಲ, ಬಟ್ಟೆಯ ಯಾವ ಅಡಿಯಲ್ಲಿ ನಾವಿದ್ದೆವೋ ಅಲ್ಲಿಗೆ ನೆನಪಾದದ್ದು. ಒಟ್ಟುಗೂಡಿಸಿದ್ದು ನಾನು.

ಅವಳು ಹೊಸದಾಗಿ ನೀರಿಗಿಳಿದಾಗ ಇವರು ಮೀಸೆ ಚಿಗುರುತ್ತಿದ್ದ ನಾವಿಕ. (ಹಡಗನ್ನು ಅವರು ‘ಅವಳು’ ಎಂದೇ ಅನ್ನುತ್ತಿದ್ದದ್ದು, ನನಗೂ ಅಭ್ಯಾಸವಾಗಿಬಿಟ್ಟಿತು.) ಬಾಯ್ಲರ್ ಇಲ್ಲ, ಉಗಿ ಇಲ್ಲ, ವಿಮಾನದಲ್ಲಿರುವಂಥ ಗ್ಯಾಸ್ ಟರ್ಬೈನ್. ಸಿಯಾಟಲ್ ಪಕ್ಕದ ಕೆಂಟ್‌ನಲ್ಲಿ ವಿಮಾನದ ಬಿಡಿಭಾಗ ಮಾಡುತ್ತಿದ್ದ ನಮ್ಮ ಮನೆಯವರು ಬದುಕಿದ್ದಷ್ಟು ದಿನ ಊಟದ ಮೇಜಿನಲ್ಲಿ ಟರ್ಬೈನ್ ಎಂಬ ಪದವನ್ನು ಉಪ್ಪಿನಕಾಯಿಯಷ್ಟೇ ಬಳಸುತ್ತಿದ್ದರು. ಹಾಗಾಗಿ ನಾನು ತಲೆಯಾಡಿಸಿದೆ. ಚೀಫ್‌ಗೆ ಖುಷಿಯಾಯಿತು. ಬಿಸಿ ಹೊಗೆ ಮೇಲಿನ ಆಂಟೆನಾಗಳಿಗೆ ತಾಗದಿರಲೆಂದು ಆಗ ಅವಳ ಚಿಮಣಿಯನ್ನು ಎರಡಾಗಿ ಸೀಳಿ ಮೊಲದ ಕಿವಿಯ ಹಾಗೆ ಆಚೀಚೆ ಬಾಗಿಸಿದ್ದರಂತೆ. ಬೇರೆ ದೇಶದ ನಾವಿಕರು ನಗುತ್ತಿದ್ದರಂತೆ. “ನಗಲಿ ಬಿಡಿ. ಹಿಂದೆ ಬೀಳ್ತಾ ನಗ್ತಿದ್ರು” ಎಂದರು ಚೀಫ್.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸಿದ್ದು ಹೆಲಿಕಾಪ್ಟರ್ ಇಳಿಸುವ ಬಗೆ. ಚಳಿಗಾಲದ ಅಟ್ಲಾಂಟಿಕ್‌ನಲ್ಲಿ ಹಡಗಿನ ಹಿಂಬದಿಯ ಅಂಗಳ ತೊಟ್ಟಿಲಿನ ಹಾಗೆ ತೂಗುತ್ತಿರುತ್ತದೆ. ಮೇಲೆ ನಿಂತ ಹೆಲಿಕಾಪ್ಟರ್ ಒಂದು ತೆಳ್ಳನೆ ತಂತಿ ಇಳಿಬಿಡುತ್ತದೆ. ಕೆಳಗಿನ ನಾವಿಕರು ಗಾಳಿಯಲ್ಲಿ ಬಗ್ಗಿ ಓಡಿ ಅದಕ್ಕೆ ಹಡಗಿನ ದಪ್ಪ ಕೇಬಲ್ ಕಟ್ಟುತ್ತಾರೆ. ಆಮೇಲೆ ಡೆಕ್ಕಿನ ಕೆಳಗಿನ ರಾಟೆ ಅದನ್ನು ಮೆಲ್ಲಗೆ ಸೆಳೆದುಕೊಳ್ಳುತ್ತದೆ. ಹಾರುವುದನ್ನು ಹಗ್ಗ ಹಾಕಿ ಮನೆಗೆ ಕರೆದುಕೊಳ್ಳುವುದು! ಚೀಫ್ ಇದನ್ನು ಹೇಳುವಾಗ ಎರಡು ಕೈಯಲ್ಲಿ ಇಲ್ಲದ ಹಗ್ಗವೊಂದನ್ನು ಎಳೆದು ತೋರಿಸುತ್ತಿದ್ದರು. ನನ್ನ ಗೆರೆ ಸೊಟ್ಟಗಾಗುತ್ತಿತ್ತು.

ಅವರ ಮುಂಗೈಯಲ್ಲಿ ಮೂರು ಬಿಳಿ ಗೀರುಗಳಿದ್ದವು. ಒಮ್ಮೆ ಮುಳುಗುತ್ತಿದ್ದ ಸರಕು ಹಡಗಿನ ಜನರನ್ನು ಉಳಿಸಲು ಇವರು ದೋಣಿ ಇಳಿಸಿದ್ದರು. ಅಲೆ ಮೇಲೆದ್ದಾಗ ಒಬ್ಬೊಬ್ಬರನ್ನೇ ಹಾರಿಸಿಕೊಳ್ಳಬೇಕು. ಎಲ್ಲರೂ ಬಂದರು, ಅಡುಗೆಯವನೊಬ್ಬ ಬರಲೊಲ್ಲ. ಅವನ ಬೆಕ್ಕು ಒಳಗಿತ್ತು. “ಹೋಗಿ ತಂದೆ. ಇಷ್ಟು ವರ್ಷದ ಸೇವೆಯಲ್ಲಿ ಆದ ಗಾಯ ಇದೊಂದೇ ಮ್ಯಾಮ್. ಮೆಡಲ್ ಕೊಡಲಿಲ್ಲ” ಎಂದು ಆ ಗೀರುಗಳನ್ನು ತೋರಿಸಿದರು.

ಮಧ್ಯವಯಸ್ಸಿನಲ್ಲಿ ಅವಳಿಗೆ ದೊಡ್ಡ ರಿಪೇರಿ ಆಯಿತು. ಮೊಲದ ಕಿವಿ ಹೋಗಿ ನೆಟ್ಟಗಿನ ಚಿಮಣಿ ಬಂತು, ಕ್ಷಿಪಣಿಗಳು ಬಂದವು. ಪನಾಮಾ ಕಾಲುವೆ ದಾಟಿ ಪೆಸಿಫಿಕ್ ಕಡೆಯವಳಾದಳು. ಆಮೇಲೆ ನೌಕಾಪಡೆಗೆ ಜನ ಸಾಲದೆ ಅವಳನ್ನು ಜೆಟ್ಟಿಗೆ ಕಟ್ಟಿದರು. ತಾತ್ಕಾಲಿಕ ಎಂದರು. ವರ್ಷಗಳು ಕಳೆದವು. ಒಂದೇ ಅಚ್ಚಿನ ಬೇರೆ ಹಡಗುಗಳಿಗೆ ಬೇಕಾದಾಗಲೆಲ್ಲ ಇವಳ ಪಂಪು, ಇವಳ ರೇಡಾರು, ಇವಳ ಬಾಗಿಲು ಬಿಚ್ಚಿಕೊಂಡು ಹೋದರು.

“ಬ್ಯಾಂಡ್ ಇಲ್ಲ, ಭಾಷಣ ಇಲ್ಲ” ಎಂದರು ಚೀಫ್, ಪಟ್ಟಿ ಸರಿಸುವುದನ್ನು ನಿಲ್ಲಿಸಿ. “ಒಬ್ಬೊಬ್ಬರೇ ಚೀಲ ಹೊತ್ಕೊಂಡು ಇಳಿದ್ವಿ. ಆಫೀಸ್ ಬಿಟ್ಟು ಬಸ್ಸಿಗೆ ಹೋಗ್ತಾರಲ್ಲ, ಹಾಗೆ.”

ಈಗ ಕಾಗದದ ಮೇಲೂ ಮುಗಿಸಿ, ಅವಳನ್ನು ಟಗ್ ದೋಣಿಯಿಂದ ಎಳೆದು, ಒಡೆಯುವವರ ದಾರಿ ಹಿಡಿಸುವವರಿದ್ದರು. ಬಂದರಿನಿಂದ ಹೊರಗೆ ಹೋಗುವ ಆ ಒಂದು ಬೆಳಗು ಮಾತ್ರ ಉಳಿದಿತ್ತು.

ಇಲ್ಲಿ ನನ್ನಿಂದಾದ ಎಡವಟ್ಟನ್ನು ಹೇಳಬೇಕು. ಗಾಳಿಯಲ್ಲಿ ಬಾವುಟ ಮೊದಲು ಹರಿಯುವುದು ಅಂಚಿನಲ್ಲಿ. ಇಷ್ಟುದ್ದದ್ದು ಎಷ್ಟು ಬಡಿದುಕೊಳ್ಳಬೇಡ ಎಂದು ನನಗೆ ಅಂಚಿನದೇ ಚಿಂತೆ. ಸಮಾಮಿಶ್‌ನಲ್ಲಿ ನಮ್ಮ ಬೀದಿಯ ಕನ್ನಡದ ಹೆಣ್ಣುಮಕ್ಕಳ ರೇಷ್ಮೆ ಸೀರೆಗಳಿಗೆಲ್ಲ ಫಾಲ್ ಹಚ್ಚಿಕೊಡುತ್ತಿದ್ದವಳು ನಾನು. ಫಾಲ್ ಇಲ್ಲದ ಸೀರೆ ನನ್ನ ಕಣ್ಣಿಗೆ ಅರ್ಧ ಉಟ್ಟ ಹಾಗೆ. ಕೈ ತನಗೆ ಗೊತ್ತಿದ್ದನ್ನೇ ಮಾಡಿತು. ಪತಾಕೆಯ ಕೆಳ ಅಂಚಿನ ಉದ್ದಕ್ಕೂ, ತಲೆಯಿಂದ ಬಾಲದವರೆಗೆ, ಎರಡು ಬೆರಳು ಅಗಲದ ಗಟ್ಟಿ ಪಟ್ಟಿಯೊಂದನ್ನು ಒಳಮೈಗೆ ಹಚ್ಚಿದೆ. ಎರಡು ಸಾಲು ಅಂಕುಡೊಂಕು ಹೊಲಿಗೆ. ಒಡತಿ ಗುಂಡಿಯ ಪಕ್ಕ ನಿಂತು ಹುಬ್ಬೇರಿಸಿದರು.

“ಸ್ಟ್ರಾಂಗ್ ಆಗಿರುತ್ತೆ” ಎಂದೆ.

“ಸ್ಟ್ರಾಂಗ್ ಆಗಂತೂ ಇರುತ್ತೆ” ಎಂದು ಹೋದರು. ಆ ‘ಅಂತೂ’ವಿನ ಕಡೆ ನಾನು ಗಮನ ಕೊಡಲಿಲ್ಲ.

ಮುಗಿದ ಮೇಲೆ ಪಕ್ಕದ ದೋಣಿ ರಿಪೇರಿಯವರ ಕ್ರೇನಿನ ತುದಿಗೆ ಕಟ್ಟಿ ಏರಿಸಿದೆವು. ತೆಂಕಣ ಗಾಳಿ ಚೆನ್ನಾಗಿತ್ತು, ಜೊತೆಗೆ ನಮ್ಮೂರ ಮಾಮೂಲು ತುಂತುರು. ತಲೆಭಾಗ ಎದ್ದಿತು. ಎಲೆ ಬಿಚ್ಚಿಕೊಂಡಿತು. ಚೀಫ್ ಟೊಪ್ಪಿ ತೆಗೆದರು. ಅಷ್ಟರಲ್ಲಿ ಮಧ್ಯದಲ್ಲೆಲ್ಲೋ ಕೆಳ ಅಂಚು ಜೋತುಬಿತ್ತು. ಗಾಳಿ ಅದರ ಅಡಿಗೆ ನುಗ್ಗಿ ಬಟ್ಟೆಯನ್ನು ಮಗುಚಿತು. ಒಂದು ಸುತ್ತು, ಮತ್ತೊಂದು ಸುತ್ತು. ನೋಡನೋಡುತ್ತಿದ್ದಂತೆ ಪತಾಕೆಯ ಮುಕ್ಕಾಲು ಭಾಗ ಹುರಿಗೊಂಡು ಹಗ್ಗವಾಯಿತು. ಬಾಲ ನೀರು ನಿಂತ ಕಾಂಕ್ರೀಟಿನ ಮೇಲೆ ಪಟಪಟ ಹೊಡೆದುಕೊಂಡಿತು. ಯಾರ್ಡಿನ ಹುಡುಗರು ನಕ್ಕರು.

ಚೀಫ್ ಹೋಗಿ ಬಾಲವನ್ನು ನೀರಿನಿಂದೆತ್ತಿ ಹಿಂಡಿದರು. “ಹಗ್ಗ ಬೇಕಿದ್ರೆ ನಾನೇ ಹೊಸೀತಿದ್ದೆ ಮ್ಯಾಮ್” ಎಂದರು. ತಮಾಷೆಯ ಮಾತು, ದನಿ ಮಾತ್ರ ಹಾಗಿರಲಿಲ್ಲ.

ಒಡತಿ ಬಂದು ಕೆಲಸದ ಮಾತಾಡಿದರು. “ತಲೆಭಾಗ ಚೆನ್ನಾಗಿ ಹಾರ್ತಿದೆ. ಕಾಲು ಭಾಗ ಇಟ್ಕೊಂಡು ಉಳಿದದ್ದು ಕತ್ತರಿಸೋಣ. ಅಷ್ಟಕ್ಕೆ ಟೈಮ್ ಇದೆ.”

ಚೀಫ್ ಮಗುಚಿದ್ದ ಒಂದು ಮರದ ಪೆಟ್ಟಿಗೆಯ ಮೇಲೆ ಕುಳಿತರು. “ಹಾಗಾದ್ರೆ ಬೇಡ” ಎಂದರು. “ನೇವಿಯ ಗಿಡ್ಡದೇ ಸಾಕು. ನಾನು ಕೇಳಿದ್ದು ಚಂದಕ್ಕಲ್ಲ. ಆ ಬೆಳಗ್ಗೆ ದಡದಲ್ಲಿ ನಿಂತವರು ತಲೆ ಎತ್ತಿ ನೋಡಿ, ಓಹ್, ಅವಳು ಇಷ್ಟುದ್ದ ಇದ್ದಳು ಅಂತ ಒಂದ್ಸಲ ಅಳೀಬೇಕಿತ್ತು. ಅಷ್ಟೇ.”

ನಾನು ಮಳೆಯಲ್ಲಿ ಮಂಡಿಯೂರಿ ಬಟ್ಟೆಯನ್ನು ಕೈಗೆತ್ತಿಕೊಂಡೆ. ನೈಲಾನು ಆಗಲೇ ನೀರು ಕೊಡವಿಕೊಂಡಿತ್ತು. ನಾನು ಹಚ್ಚಿದ ಪಟ್ಟಿ ಮಾತ್ರ ನೀರು ಕುಡಿದು ಭಾರವಾಗಿತ್ತು. ಅಂಗೈಯಲ್ಲಿಟ್ಟೊಡನೆ ಅದೇ ಕೆಳಗೆ ಜಾರಿತು. ಆಗ ಹೊಳೆಯಿತು. ಫಾಲ್ ಹಚ್ಚುವುದೇ ಸೀರೆ ಕಾಲಿನ ಕಡೆಗೆ ಇಳಿಯಲಿ ಎಂದು. ಇದಕ್ಕೆ ಇಳಿಯಬೇಕಾದ ಕಾಲೇ ಇಲ್ಲ. ಇದು ಏಳಬೇಕಾದದ್ದು. ಹಾರಬೇಕಾದ ಬಟ್ಟೆಗೆ ನಾನು ನೆಲದ ಕಡೆ ಮುಖ ಮಾಡಿಸಿದ್ದೆ. ಹೌ ಸ್ಟುಪಿಡ್!

“ಉದ್ದ ಕತ್ತರಿಸೋದು ಬೇಡ” ಎಂದೆ. “ಅಗಲ ಕತ್ತರಿಸೋಣ.”

ಇಬ್ಬರೂ ನನ್ನನ್ನು ನೋಡಿದರು.

ಉಪಾಯ ಸರಳ, ಕೆಲಸ ಸರಳವಲ್ಲ. ತಲೆಯಿಂದ ಅರ್ಧದವರೆಗೆ ಬಟ್ಟೆ ಅಗಲವಾಗಿದೆ. ಅಲ್ಲಿ ಪಟ್ಟಿಯನ್ನು ಬಿಚ್ಚುವ ಗೋಜಿಗೇ ಹೋಗದೆ, ಬಿಸಿ ಕತ್ತಿಯಿಂದ ಅಂಚಿನ ಸಮೇತ ಕೊಯ್ದು ತೆಗೆಯುವುದು. ಮೇಲಿನ ಅಂಚಿನಿಂದಲೂ ಅಷ್ಟೇ ತೆಗೆಯುವುದು, ಎರಡು ಕಡೆ ತೂಕ ಸಮ ಇರಬೇಕಲ್ಲ. ಬಿಸಿ ಕತ್ತಿ ಕೊಯ್ಯುತ್ತಲೇ ನೈಲಾನಿನ ಎಳೆಗಳನ್ನು ಕರಗಿಸಿ ಮುಚ್ಚುತ್ತದೆ, ನೂಲು ಬಿಚ್ಚಿಕೊಳ್ಳುವುದಿಲ್ಲ. ಬಾಲದ ಅರ್ಧ ಮಾತ್ರ ತೀರ ಸಪೂರ. ಅಲ್ಲಿ ಎರಡು ಬೆರಳು ಕೊಯ್ದರೆ ಉಳಿಯುವುದು ರಿಬ್ಬನ್. ಅಲ್ಲಿ ಒಂದೊಂದೇ ಹೊಲಿಗೆ ಕೈಯಲ್ಲಿ ಬಿಚ್ಚಬೇಕು, ಬಟ್ಟೆಗೆ ಗಾಯವಾಗದಂತೆ.

“ನಿಮಗೆ ಹುಚ್ಚು” ಎಂದರು ಒಡತಿ. ಆದರೆ ಆ ವಾರದ ನನ್ನ ಬೇರೆ ಕೆಲಸಗಳನ್ನೆಲ್ಲ ತಾವೇ ಎತ್ತಿಕೊಂಡರು. ಕತ್ತಿಯನ್ನೂ ಅವರೇ ಹಿಡಿದರು. ಚೀಫ್ ಮರದ ಪಟ್ಟಿ ಒತ್ತಿ ಹಿಡಿಯುವುದು, ಅವರು ಒಂದೇ ವೇಗದಲ್ಲಿ ಕತ್ತಿ ಎಳೆಯುವುದು. ನಿಧಾನಿಸಿದರೆ ಸುಡುತ್ತದೆ, ಅವಸರಿಸಿದರೆ ಅಂಚು ಮುಚ್ಚುವುದಿಲ್ಲ. ಸುಟ್ಟ ನೈಲಾನಿನ ವಾಸನೆಯಲ್ಲಿ ನಾವು ಮೂವರು ವಯಸ್ಸಾದವರು ನೆಲದ ಮೇಲೆ ತೆವಳುತ್ತ ಸಾಗಿದೆವು.

ನಡುವಿನ ಜೋಡಣೆ ಬಿಚ್ಚಿ ಬೇರೆ ಮಾಡಿದ ಬಾಲದ ಅರ್ಧ ಸುರುಳಿಯಾಗಿ ನನ್ನ ಕಾರಿನ ಹಿಂದೆ ಕುಳಿತು ಸಮಾಮಿಶ್‌ಗೆ ಬಂತು. ಶನಿವಾರ ಬೆಳಗ್ಗೆ ಚೀಫ್ ತಮ್ಮ ಹಳೆಯ ಜೊತೆಗಾರರಿಬ್ಬರನ್ನು ಕರೆತಂದರು. ನಾನು ಪಕ್ಕದ ಮನೆಯ ಸೊಸೆಗೆ ಕಾಲ್ ಮಾಡಿದೆ. ಬೆಂಗಳೂರಿನ ಹುಡುಗಿ, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದವಳು.

“ಆಂಟಿ, ನನಗೆ ಬಟನ್ ಹಾಕೋಕೂ ಬರಲ್ಲ!”

“ಹಾಕೋದಲ್ಲಮ್ಮ, ಬಿಚ್ಚೋದು.”

“ಓ, ಹಾಗಾದ್ರೆ ಬಂದೆ. ಇನ್ನೊಬ್ಬರು ಮಾಡಿದ್ದನ್ನ ಬಿಚ್ಚೋದೇ ನನ್ನ ಜಾಬು. ಅತ್ತೇನೂ ಕರ್ಕೊಂಡ್ ಬರ್ತೀನಿ.”

ಅವಳ ಅತ್ತೆ ಮಂಡ್ಯ ಕಡೆಯವರು, ಮೊಮ್ಮಗಳನ್ನು ನೋಡಿಕೊಳ್ಳಲು ಬಂದಿದ್ದವರು. ಹಾಲ್, ಡೈನಿಂಗ್, ಮೆಟ್ಟಿಲು ಹತ್ತಿ ಮೇಲಿನ ಮಲಗುವ ಕೋಣೆಯವರೆಗೆ ಹಾಸಿದ್ದ ಬಟ್ಟೆ ನೋಡಿ ಬಾಗಿಲಲ್ಲೇ ನಿಂತರು.

“ಅಯ್ಯೋ ಸಿವ್ನೆ! ಇದ್ಯಾವ ದೇವ್ರ ಬಾವುಟವ್ವ ಇಷ್ಟುದ್ದ?”

“ದೇವರದಲ್ಲ, ಹಡಗಿಂದು. ಅದಕ್ಕೆ ರಿಟೈರ್‌ಮೆಂಟು.”

“ಎಂಗಾರ ಇರ್ಲಿ, ಕೊಡು ಇತ್ಲಾಗೆ” ಎಂದು ಕನ್ನಡಕ ಕೇಳಿ ಚೀಫ್ ಎದುರೇ ನೆಲಕ್ಕೆ ಕುಳಿತರು.

ನಾಲ್ಕು ಹೊಲಿಗೆಗೊಂದು ಎಳೆ ಕತ್ತರಿಸುವುದು, ಹಿಂಬದಿಯ ದಾರ ಮೆಲ್ಲಗೆ ಎತ್ತುವುದು, ಪಟ್ಟಿ ಬಿಡಿಸುವುದು. ನಾವಿಕರು ಆ ಕೆಲಸ ಮಾಡುವುದನ್ನು ನೋಡಬೇಕಿತ್ತು. ಅಷ್ಟು ದಪ್ಪ ಬೆರಳುಗಳು, ಒಂದು ಕಡೆಯೂ ಬಟ್ಟೆ ಜಗ್ಗಲಿಲ್ಲ. ಮಂಡ್ಯದವರು ಸ್ವಲ್ಪ ಹೊತ್ತು ಓರೆಗಣ್ಣಲ್ಲಿ ನೋಡಿದರು.

“ಈವಯ್ಯ ಎಂಗಸ್ರುಗಿಂತ ಚೆಂದಾಗಿ ಬಿಚ್ತಾನಲ್ಲವ್ವ!”

“ಏನಂತಾರೆ?” ಎಂದರು ಚೀಫ್. ಹೇಳಿದೆ.

“ಹುಡುಗರು ಹಾಕಿದ ತಪ್ಪು ಗಂಟು ಬಿಚ್ಚೋದ್ರಲ್ಲೇ ನನ್ನ ಜೀವನ ಕಳೀತು ಅಂತ ಹೇಳಿ.”

“ನಂದೂ ಅಂಗೇಯ ಅಂತ ಯೋಳು” ಎಂದು ಅವರು ಸೊಸೆಯ ಕಡೆ ನೋಡಿದರು. ಸೊಸೆ, “ಅತ್ತೇ!” ಎಂದು ಕಿರುಚಿದಳು. ಸೋಫಾ ಮೇಲಿದ್ದ ಮೊಮ್ಮಗಳು ತಲೆಯೆತ್ತದೆ, “ಅಜ್ಜಿ ಈಸ್ ಸೋ ಮೀನ್” ಎಂದಳು. ಮಧ್ಯಾಹ್ನ ಚಿತ್ರಾನ್ನ ತಿಂದೆವು. ಎಣ್ಣೆ ಕೈ ಬಟ್ಟೆಗೆ ತಾಗದಂತೆ ಎಲ್ಲರೂ ಸೋಪು ಹಾಕಿ ಕೈ ತೊಳೆಯುವ ಹಾಗೆ ಚೀಫ್ ಸಿಂಕಿನ ಬಳಿ ಕಾವಲು ನಿಂತರು.

ಪಟ್ಟಿ ಹೋಯಿತು, ಸೂಜಿಯ ತೂತುಗಳು ಉಳಿದವು. ಅವುಗಳ ಮೇಲೆ ತೆಳ್ಳನೆ ಬಟ್ಟೆ ಹಾಸಿ ಬೆಚ್ಚನೆ ಇಸ್ತ್ರಿ ಆಡಿಸಿದೆ. ಆಮೇಲೆ ತೂತಿನ ಸಾಲು ಮಡಿಕೆಯೊಳಗೆ ಬರುವಂತೆ ಅಕ್ಕಿಕಾಳಿನಷ್ಟು ಮಡಚಿ ಒಂದೇ ಸಾಲು ಹೊಲಿದೆ. ಮೇಲಿನ ಅಂಚಿಗೆ ತೂತಿರಲಿಲ್ಲ, ಆದರೂ ಅದಕ್ಕೂ ಅಷ್ಟೇ ಮಡಿಕೆ. ಲಾಫ್ಟ್‌ನಲ್ಲಿ ಎರಡು ಅರ್ಧಗಳನ್ನೂ ಮತ್ತೆ ಜೋಡಿಸಿದೆವು. ಚೀಫ್ ತಮ್ಮ ಕಡೆಯಿಂದ ಒಂದು ಹಿತ್ತಾಳೆಯ ಕೊಂಡಿ ತಂದರು. ಹಗ್ಗಕ್ಕೂ ಪತಾಕೆಗೂ ನಡುವೆ ಸಿಕ್ಕಿಸಿದರೆ ಅದು ತನ್ನಷ್ಟಕ್ಕೆ ತಿರುಗುತ್ತದೆ. ಬಟ್ಟೆ ಎಲ್ಲಾದರೂ ಹುರಿಗೊಂಡರೂ ಆ ಹುರಿ ಅಲ್ಲಿಂದ ಆಚೆಗೆ ಬಿಚ್ಚಿಹೋಗಬೇಕು.

ಮತ್ತೆ ಕ್ರೇನಿಗೆ ಏರಿಸಿದೆವು. ಅವತ್ತು ಮಂಜು. ಮರದ ಒಂದು ಎಲೆಯೂ ಅಲುಗಲಿಲ್ಲ. ಪತಾಕೆ ಕ್ರೇನಿನಿಂದ ಒಣಹಾಕಿದ ಬಟ್ಟೆಯ ಹಾಗೆ ನೇತಾಡಿತು. ಮರುದಿನವೂ ಹಾಗೇ. ಅಲ್ಲಿಗೆ ಟೈಮ್ ಮುಗಿಯಿತು. ಅದು ಹಾರುತ್ತದೆಯೋ ಇಲ್ಲವೋ ತಿಳಿಯದೆಯೇ ಚೀಲಕ್ಕೆ ತುಂಬಿದೆವು.

ಪೋರ್ಟ್ ಏಂಜಲೀಸ್‌ನಿಂದ ಫೆರಿ ಹಿಡಿದು ಕೆನಡಾಕ್ಕೆ ಹೊರಟೆವು. ಅಲ್ಲಿ ಕಡ್ಡಾಯದ ಪ್ರಶ್ನೆ ಕೇಳುವ ಗಡಿ ಅಧಿಕಾರಿ ನಮ್ಮ ಚೀಲ ನೋಡಿ, “ಏನಿದೆ?” ಎಂದ.

“ಒಂದು ಬಾವುಟ” ಎಂದೆ.

“ಒಂದೇನಾ?”

“ಒಂದೇ. ನಾನೂರಿಪ್ಪತ್ತು ಅಡಿ.”

ಆತ ಪೆನ್ನು ಕೆಳಗಿಟ್ಟು ಚೀಫ್‌ನ ಮುಖ ನೋಡಿದ, ಅವರ ಕೋಟಿನ ಮೇಲಿನ ಪದಕಗಳನ್ನು ನೋಡಿದ, ಕೈ ಬೀಸಿ ಒಳಗೆ ಬಿಟ್ಟ.

ಹಡಗನ್ನು ನಾನು ಅವತ್ತೇ ಮೊದಲು ನೋಡಿದ್ದು. ಲಂಗರಿನ ಸರಪಳಿ ಹೊರಬರುವ ತೂತಿನಿಂದ ಕೆಳಗೆ ತುಕ್ಕು ಇಳಿದಿತ್ತು. ಯಂತ್ರ, ಬಾಗಿಲು ಇರಬೇಕಾದ ಎಷ್ಟೋ ಕಡೆ ಬರಿಯ ಬೋಲ್ಟಿನ ಗುರುತುಗಳು. ಆದರೂ ಆ ಮೂತಿ, ಮೂಳೆ ಚೆನ್ನಾಗಿರುವ ಹೆಂಗಸಿಗೆ ವಯಸ್ಸಾದರೂ ಮುಖ ಕೆಡುವುದಿಲ್ಲವಲ್ಲ, ಹಾಗಿತ್ತು. ಚೀಫ್ ಏಣಿ ಹತ್ತಿ ಡೆಕ್ಕಿಗೆ ಕಾಲಿಡುವಾಗ ನಿಂತು ಸೆಲ್ಯೂಟ್‌ಗೆ ಕೈ ಎತ್ತಿದರು. ಎಲ್ಲಾದರೂ ಹರಿದರೆ ಹೊಲಿಯಲೆಂದು ನನ್ನನ್ನೂ ಹತ್ತಿಸಿಕೊಂಡರು, ಲೈಫ್ ಜಾಕೆಟ್ ಹಾಕಿ. ಸೀರೆಯ ಮೇಲೆ ಅದು ಹೇಗೆ ಕಾಣುತ್ತಿತ್ತೋ ನನಗೆ ಗೊತ್ತಿಲ್ಲ, ಯಾರೂ ನಗಲಿಲ್ಲ.

ಬಂದರಿನಲ್ಲಿ ಗಾಳಿಯಿಲ್ಲ. ಚಿಕ್ಕ ಪತಾಕೆ ಇಳಿಯಿತು, ನಮ್ಮದು ಏರಿತು. ಏರಿದ್ದು ಕಂಬದಿಂದ ನೇರ ಕೆಳಗಿಳಿದು ಡೆಕ್ಕಿಗೆ ತಾಗಿತು. ಉಳಿದ ಉದ್ದವೆಲ್ಲ ಚೀಫ್‌ನ ಹಳೆಯ ಜೊತೆಗಾರರ ಕೈಯಲ್ಲಿ. ಕಂಬದ ಬುಡದಿಂದ ಹಿಂಬದಿಯ ಹೆಲಿಕಾಪ್ಟರ್ ಅಂಗಳದವರೆಗೆ ಒಬ್ಬರ ಹಿಂದೊಬ್ಬರು ನಿಂತು, ಅಂಗೈ ಮೇಲುಮಾಡಿ ಬಟ್ಟೆಯನ್ನು ಹಿಡಿದುಕೊಂಡಿದ್ದರು. ತುದಿಯಲ್ಲಿ ಚೀಫ್, ಅವರ ಪಕ್ಕ ನಾನು.

ಮುಂದೊಂದು ಟಗ್, ಹಿಂದೊಂದು ಟಗ್. ಹಡಗು ಸದ್ದಿಲ್ಲದೆ ಕದಲಿತು. ಅವಳ ಎಂಜಿನ್ ಇಲ್ಲವಲ್ಲ, ನಮ್ಮ ಕಾಲಡಿ ಯಾವ ನಡುಕವೂ ಇಲ್ಲ. ಡೆಕ್ಕಿನ ಹೊಣೆ ಹೊತ್ತಿದ್ದ ಯುವ ಅಧಿಕಾರಿಣಿ ಚೀಫ್ ಬಳಿ ಬಂದಳು.

“ಚೀಫ್, ತುದಿ ನೀರಿಗೆ ಬಿದ್ದು ಹಿಂದಿನ ಟಗ್ಗಿನ ಪ್ರೊಪೆಲರ್‌ಗೆ ಸಿಕ್ಕಿಕೊಂಡ್ರೆ ಅನಾಹುತ. ಬಂದರಿನ ಬಾಯಿ ದಾಟೋದ್ರೊಳಗೆ ಹಾರದಿದ್ರೆ ನಾನು ಇಳಿಸಲೇಬೇಕು. ಸಾರಿ.”

“ಸರಿ ಮ್ಯಾಮ್. ನಿಮ್ಮ ಜಾಗದಲ್ಲಿ ನಾನಿದ್ರೂ ಅದನ್ನೇ ಹೇಳ್ತಿದ್ದೆ.”

ಬಂದರಿನ ಬಾಯಿಯ ಕಲ್ಲಿನ ಗೋಡೆ ಹತ್ತಿರ ಬಂತು. ಅದರ ಮೇಲೆ ಜನ ನಿಂತಿದ್ದರು, ಕೋಟು ಹಾಕಿದ ಮುದುಕರು, ಮಕ್ಕಳನ್ನು ಹೆಗಲೇರಿಸಿಕೊಂಡವರು. ಎಲ್ಲರೂ ತಲೆಯೆತ್ತಿ ಕಂಬ ನೋಡುತ್ತಿದ್ದರು, ಅಲ್ಲಿ ಜೋತುಬಿದ್ದ ಬಟ್ಟೆ ಬಿಟ್ಟು ಬೇರೇನಿಲ್ಲ. ಅಧಿಕಾರಿಣಿ ಕಂಬದ ಹಗ್ಗದ ಬಳಿಗೆ ಹೋಗಿ ನಿಂತಳು. ನಾನು ಯಾವ ದೇವರನ್ನು ನೆನೆದೆನೋ ಗೊತ್ತಿಲ್ಲ, ಹೈಲ್ ಮೇರಿಯೂ ಬಾಯಿಗೆ ಬಂತು, ಚಾಮುಂಡಿಯೂ ಬಂದಳು.

ಹಡಗಿನ ಮೂತಿ ಗೋಡೆಯ ಮರೆಯಿಂದ ಹೊರಬಂತು. ಜಲಸಂಧಿಯ ಪಡುವಣ ಗಾಳಿ ಮೊದಲು ನನ್ನ ಕೆನ್ನೆಗೆ ತಾಗಿತು. ಮೇಲೆ ಎಲೆ ಒಮ್ಮೆ ಮಿಸುಕಿತು. ಮತ್ತೆ ಮಿಸುಕಿ ತೆರೆದುಕೊಂಡಿತು. ಕಂಬದ ಬುಡದಲ್ಲಿ ನಿಂತಿದ್ದವರ ಕೈಯಿಂದ ಬಟ್ಟೆ ತಾನಾಗಿ ಎದ್ದಿತು. ಆಮೇಲೆ ಅವರ ಹಿಂದಿನವರ ಕೈಯಿಂದ. ಯಾರೋ “ಬಿಡಿ! ಬಿಡಿ!” ಎಂದು ಕೂಗಿದರು. ಒಬ್ಬೊಬ್ಬರ ಅಂಗೈಯೂ ಖಾಲಿಯಾಗುತ್ತ ನಮ್ಮ ಕಡೆಗೆ ಬಂತು. ಬಟ್ಟೆ ಮಗುಚಲಿಲ್ಲ. ನಡುವೆ ಒಂದು ಕಡೆ ಹುರಿಗೊಳ್ಳಲು ನೋಡಿ, ಯೋಚಿಸಿದ ಹಾಗೆ ನಿಂತು, ಮತ್ತೆ ಚಪ್ಪಟೆಯಾಯಿತು.

ಕೊನೆಗೆ ಚೀಫ್‌ನ ಕೈಯಲ್ಲಿ ಮಾತ್ರ ಉಳಿಯಿತು. ಅದು ಎಷ್ಟು ಜೋರಾಗಿ ಎಳೆಯುತ್ತಿತ್ತೆಂದರೆ ಅವರ ತೋಳು ನೆಟ್ಟಗಾಗಿತ್ತು, ಹಿಮ್ಮಡಿ ಮೇಲೆದ್ದಿತ್ತು. ಅವರು ಬಿಡಲಿಲ್ಲ.

“ಚೀಫ್” ಎಂದೆ. “ಹರಿಯುತ್ತೆ.”

“ಗೊತ್ತು ಮ್ಯಾಮ್. ಒಂದೇ ಕ್ಷಣ.”

ಆಮೇಲೆ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದರು. ತುದಿ ಜಿಗಿದು ನಮ್ಮ ತಲೆಯ ಮೇಲೆ ಹಾದು, ಹಿಂಬದಿಯ ಕಂಬಿ ದಾಟಿ, ಟಗ್ಗನ್ನೂ ದಾಟಿ, ನೀರಿನ ಮೇಲೆ ನೆಟ್ಟಗೆ ನಿಂತಿತು. ಗೋಡೆಯ ಮೇಲಿದ್ದ ಜನರ ತಲೆಗಳು ಎಲೆಯಿಂದ ಶುರುವಾಗಿ ನಿಧಾನವಾಗಿ, ಬಹಳ ನಿಧಾನವಾಗಿ, ತುದಿಯ ಕಡೆಗೆ ತಿರುಗಿದವು. ಚೀಫ್ ಪತಾಕೆಯನ್ನು ನೋಡಲಿಲ್ಲ, ಆ ತಲೆಗಳನ್ನು ನೋಡುತ್ತಿದ್ದರು. ಖಾಲಿಯಾದ ಕೈಯನ್ನು ಮಾತ್ರ ಇನ್ನೂ ಕೆಳಗಿಳಿಸಿರಲಿಲ್ಲ.